ಕೀಲಿ ಕೊಡ್ರಿ, ಕಾಕಾ!



ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇವೆ. ನಮ್ಮ ಕೇರಿಯ ಟ್ರಸ್ಟಿನ ಭವನದಲ್ಲೇ ಕೂತು ಬರೆಯಬಹುದಿತ್ತು. ಅದರ ಕೀಲಿ ಮಾಜಿ ಟ್ರಸ್ಟಿಯ ಜೇಬಿನಲ್ಲಿದೆ!

ಹೊಸ ಟ್ರಸ್ಟಿಯ ನೇಮಕವಾಗಿ ವರ್ಷ ದಾಟಿತು. ಠರಾವು ಪುಸ್ತಕದಲ್ಲಿ ಸಹಿ ಬಿದ್ದಿವೆ, ಹೆಬ್ಬೆಟ್ಟೂ ಬಿದ್ದಿವೆ. ಪಾಸ್‌ಬುಕ್ಕು ಮಾತ್ರ ಬಂದಿಲ್ಲ, ಚೆಕ್‌ಬುಕ್ಕು ಬಂದಿಲ್ಲ. ಲೆಕ್ಕ ಅಂತೂ ಕೇಳಲೇಬೇಡಿ. ಕೇಳಿದರೆ ಏನಂತಾರೆ? "ಟ್ರಸ್ಟ್ ಕಟ್ಟಿದಾಂವ ನಾ. ನಿನ್ನೆ ಮೊನ್ನೆ ಹುಟ್ಟಿದ ಹುಡುಗ್ರು ನನಗ ಲೆಕ್ಕ ಕೇಳ್ತೀರೇನು?"

ಹೌದು ಕಾಕಾ, ಕೇಳ್ತೀವಿ. ನೀವು ಕಟ್ಟಿದ್ದು ನಿಜ. ಗೌಡರ ಬೆದರಿಕೆಗೆ ಬಗ್ಗದೆ ಕಟ್ಟಿದಿರಿ, ಅದನ್ನು ಮರೆಯುವ ಕೃತಘ್ನರಲ್ಲ ನಾವು. ಆದರೆ ದುಡ್ಡು ಯಾರದು? ತೊಗರಿ ಕೊಯ್ಲಿಗೆ ಹೋದ ನಮ್ಮ ಅವ್ವಂದಿರು ಸೆರಗಿನ ಗಂಟು ಬಿಚ್ಚಿ, ಹುಡುಗರ ಫೀಜಿಗೆ ಅಂತ ಕೊಟ್ಟದ್ದು. ನೀವು ಕೈಯಿಂದ ಹಾಕಿದ್ದರೆ ರಸೀದಿ ತೋರಿಸಿ ವಾಪಸು ತಗೊಳ್ರಿ, ಬೇಡ ಅಂದವರು ಯಾರು?

ಮೇಲಿನವರು ನಮ್ಮ ದುಡ್ಡು ತಿಂದರೆ ಧಿಕ್ಕಾರ ಕೂಗುತ್ತೇವೆ. ನಮ್ಮವರೇ ಹಿಡಿದು ಕೂತರೆ 'ಮನಿ ಮಾತು, ಹೊರಗ ಹೋಗಬಾರದು' ಅನ್ನುತ್ತೇವೆ. ಯಾಕೆ?

ನಮ್ಮ ನೆರೆಯ ಕಲ್ಯಾಣದಲ್ಲೇ ಬಿಜ್ಜಳನ ಭಂಡಾರ ಕಾಯುತ್ತಿದ್ದ ಬಸವಣ್ಣನ ಮೇಲೆ ಚಾಡಿ ಹೋದಾಗ ಆತ ಲೆಕ್ಕ ಒಪ್ಪಿಸಿದನೆಂದು ಪುರಾಣ ಹೇಳುತ್ತದೆ. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ವಾಪಸು ಕಳಿಸಿದಳು. ಜಯಂತಿ ಬಂದಾಗಲೆಲ್ಲ ಮೈಕಿನಲ್ಲಿ ಇದನ್ನು ಹೇಳಿದವರು ನೀವೇ ಅಲ್ಲವೇ ಕಾಕಾ?

ಇನ್ನು ಕಾಯಿದೆ. 'ದಿನ ಕಳೆದರೆ ಹುಡುಗರು ಮರೀತಾರ' ಅಂತ ಅವರ ಲೆಕ್ಕಾಚಾರ. 1963ರ ಕಾಲಮಿತಿ ಕಾಯಿದೆಯ 10ನೇ ಕಲಂ ಓದಿ ನೋಡಲಿ. ಗೊತ್ತಾದ ಉದ್ದೇಶಕ್ಕೆ ನಂಬಿ ಒಪ್ಪಿಸಿದ ಆಸ್ತಿಯನ್ನು ಟ್ರಸ್ಟಿಯಿಂದ ಮರಳಿ ಪಡೆಯಲು ಹೂಡುವ ದಾವೆಗೆ ಅವಧಿಯ ತಡೆಯಿಲ್ಲ. ಆತ ಸತ್ತರೆ ವಾರಸುದಾರರ ಮೇಲೂ ಹೂಡಬಹುದು. ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇದೆ. ಟ್ರಸ್ಟಿ ಸ್ಥಾನದಿಂದ ಇಳಿದವನು ತನ್ನ ವಶದ ಆಸ್ತಿಯನ್ನು ಹಕ್ಕುಳ್ಳವರಿಗೆ ಒಪ್ಪಿಸಬೇಕೆಂದು ಆದೇಶಿಸುವ ಅಧಿಕಾರವನ್ನು 1956ರ ತಿದ್ದುಪಡಿ ಅದರೊಳಗೆ ಸ್ಪಷ್ಟ ಮಾತಿನಲ್ಲಿ ಸೇರಿಸಿತು. ದುಡ್ಡು ಸ್ವಂತಕ್ಕೆ ಬಳಸಿದ್ದರೆ ಅದು ಬೇರೆ ಮಾತು: 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 316ನೇ ಕಲಂ, ನಂಬಿಕೆ ದ್ರೋಹ. ಅಲ್ಲಿಗೆ ಹೋಗುವ ಆಸೆ ನಮಗಿಲ್ಲ.

92ನೇ ಕಲಮಿನ ದಾವೆಗೆ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ಮೇಲೆ ಕೋರ್ಟಿನ ಅನುಮತಿ, ಇಷ್ಟು ಸಾಕು. ಇಬ್ಬರು ಆಗಲೇ ಸಿಕ್ಕಿದ್ದಾರೆ. ಆದರೂ ಬರುವ ಭಾನುವಾರ ಭವನದ ಮೆಟ್ಟಿಲ ಮೇಲೆ ಕೂತು ನಿಮ್ಮ ದಾರಿ ನೋಡ್ತೀವಿ ಕಾಕಾ. ಪಾಸ್‌ಬುಕ್ಕು, ರಸೀದಿ ಪುಸ್ತಕ, ಕೀಲಿ ತಗೊಂಡು ಬರ್ರಿ. ಚಹಾ ನಮ್ಮದು.

ಜೈ ಭೀಮ್!