ಮೊದಲು ಸವಾರ, ಆಮೇಲೆ ಸೈಕಲ್ಲು

ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕಡೆಯಿಂದ ಕನಕಪುರ ರಸ್ತೆಯಲ್ಲಿ ಸೈಕಲ್ ಸವಾರರ ಗುಂಪುಗಳು ಬರುವುದು ಹಾರೋಹಳ್ಳಿಯವರಿಗೆ ಹೊಸ ನೋಟವೇನಲ್ಲ. ತಲೆಗೆ ಹೆಲ್ಮೆಟ್ಟು, ಮೈಗಂಟಿದ ಉಡುಪು, ಕಣ್ಣಿಗೆ ಬಣ್ಣದ ಕನ್ನಡಕ, ಕೈಬೆರಳಿನಷ್ಟೇ ದಪ್ಪವೆನಿಸುವ ಟೈರು. ಅವುಗಳಲ್ಲಿ ಕೆಲವು ಸೈಕಲ್ಲುಗಳ ಬೆಲೆ ಹೊಸ ಮೋಟಾರ್ ಸೈಕಲ್ಲಿನ ಬೆಲೆಯನ್ನೂ ಮೀರುತ್ತದೆ. ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿಯ ಕಣ್ಣು ಆ ಸೈಕಲ್ಲಿನ ಹಿಂದೆಯೇ ಓಡಿದರೆ ಆಶ್ಚರ್ಯವಿಲ್ಲ. ಅವನಿಗೆ ಟ್ರಯಥ್ಲಾನ್ ಎಂಬ ಆಟದ ಹುಚ್ಚೂ ಹಿಡಿದಿದ್ದರೆ ಮನೆಯಲ್ಲಿ ಒಂದು ಮಾತು ಏಳುವುದು ಖಂಡಿತ: “ಅಪ್ಪ, ಈ ಸೈಕಲ್ಲಲ್ಲಿ ಆಗಲ್ಲ. ಬೇರೆ ಬೇಕು.”

ಅಪ್ಪ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವವರಿರಬಹುದು, ರೇಷ್ಮೆ ಬೆಳೆಯುವವರಿರಬಹುದು, ಡೇರಿಗೆ ಹಾಲು ಹಾಕುವವರಿರಬಹುದು. ಮಗನ ಅಥವಾ ಮಗಳ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸಿಲ್ಲ. ಸಾಲ ಮಾಡಲು ಧೈರ್ಯವಿಲ್ಲ. ಈ ಇಕ್ಕಟ್ಟಿನಲ್ಲಿರುವ ಮನೆಗೆ ಬೇಕಾದದ್ದು ಸರಿಯಾದ ಲೆಕ್ಕ.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಹಿಂದೊಂದರಂತೆ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ. ಹೊಸಬರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಸ್ಪ್ರಿಂಟ್ ಎಂಬ ಕಿರಿಯ ದೂರವನ್ನು. ಅದರಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ ದೂರ ಇದರ ಇಮ್ಮಡಿ. ಸ್ಪ್ರಿಂಟ್‌ನ ಸೈಕಲ್ ಭಾಗವೆಂದರೆ ಸರಿಸುಮಾರು ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋದಷ್ಟು. ಒಲಿಂಪಿಕ್ ದೂರವೆಂದರೆ ಹೋಗಿ ಬಂದಷ್ಟು. ಐರನ್‌ಮ್ಯಾನ್ ಎಂಬ ಹೆಸರಿನ ದೊಡ್ಡ ಸ್ಪರ್ಧೆಯಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಅದರ ಅರ್ಧದೂರದ ಸ್ಪರ್ಧೆ 2019ರಲ್ಲಿ ಮೊದಲ ಬಾರಿಗೆ ಗೋವಾದಲ್ಲಿ ನಡೆಯಿತು. ಐರನ್‌ಮ್ಯಾನ್ ಸ್ಪರ್ಧೆಗಳಿಗೆ ಇಳಿಯಲು ಹದಿನೆಂಟು ವರ್ಷ ತುಂಬಿರಬೇಕು ಎಂಬುದನ್ನು ಹೈಸ್ಕೂಲು ಮಕ್ಕಳ ತಂದೆತಾಯಿ ನೆನಪಿಡುವುದು ಒಳ್ಳೆಯದು.

ಈ ಆಟ ಹುಟ್ಟಿದಾಗ ಇದಕ್ಕೆಂದೇ ತಯಾರಾದ ಸೈಕಲ್ಲು ಇರಲೇ ಇಲ್ಲ. ಆಧುನಿಕ ಟ್ರಯಥ್ಲಾನ್ ಮೊದಲು ನಡೆದದ್ದು 1974ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ. ಅಲ್ಲಿ ಪಾಲ್ಗೊಂಡಿದ್ದ ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿ 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆಸಿದರು. ಹೊರಟವರು ಹದಿನೈದು ಮಂದಿ, ಮುಗಿಸಿದವರು ಹನ್ನೆರಡು. ಗೆದ್ದ ಗಾರ್ಡನ್ ಹ್ಯಾಲರ್ ತೆಗೆದುಕೊಂಡದ್ದು 11 ಗಂಟೆ 46 ನಿಮಿಷ 58 ಸೆಕೆಂಡು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್‌ಗೆ ಸ್ಥಾನ ದೊರೆಯಿತು. ಇಂದಿನ ಶ್ರೇಷ್ಠರು ಐರನ್‌ಮ್ಯಾನ್ ದೂರವನ್ನು ಎಂಟು ಗಂಟೆಯೊಳಗೆ ಮುಗಿಸುತ್ತಾರೆ. ಈ ವೇಗದಲ್ಲಿ ಸೈಕಲ್ಲಿನ ಪಾಲೂ ಇದೆ, ತರಬೇತಿಯ ಪಾಲೂ ಇದೆ. ಯಾರಿಗೆ ಯಾವುದರ ಪಾಲು ಎಷ್ಟು ಎಂಬುದೇ ಪ್ರಶ್ನೆ.

ಎಂಟು ಸೆಕೆಂಡಿನ ಪಾಠ

ದುಬಾರಿ ಸಾಮಾನಿನ ಪರವಾಗಿ ವಾದಿಸುವವರಿಗೆ ಒಂದು ಪ್ರಬಲ ಉದಾಹರಣೆ ಇದೆ. 1989ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಕೊನೆಯ ದಿನ. ಮುಂದಿದ್ದವರು ಫ್ರಾನ್ಸಿನ ಲೊರಾಂ ಫಿನ್ಯೋಂ. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಉಳಿದಿದ್ದದ್ದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಒಬ್ಬೊಬ್ಬರೇ ಓಡಿಸಬೇಕಾದ 24.5 ಕಿಲೋಮೀಟರ್ ಮಾತ್ರ. ಲೆಮಾಂಡ್ ಹ್ಯಾಂಡಲ್ಲಿಗೆ ಮುಂದಕ್ಕೆ ಚಾಚಿದ ಸರಳು ಜೋಡಿಸಿ, ಅದರ ಮೇಲೆ ಮೊಣಕೈ ಊರಿ, ಬೆನ್ನು ಬಾಗಿಸಿ ಹೊರಟರು. ಆ ಸರಳನ್ನು ಟ್ರಯಥ್ಲಾನ್ ಆಟಗಾರರು ಅದಕ್ಕೂ ಮೊದಲೇ ಬಳಸುತ್ತಿದ್ದರು. ಫಿನ್ಯೋಂ ಅದನ್ನು ಬಳಸಲಿಲ್ಲ, ಹೆಲ್ಮೆಟ್ಟನ್ನೂ ಧರಿಸಲಿಲ್ಲ. ಅಂದು ಲೆಮಾಂಡ್ 58 ಸೆಕೆಂಡು ಗಳಿಸಿದರು. ಮೂರು ವಾರಗಳ ಸ್ಪರ್ಧೆಯನ್ನು ಎಂಟೇ ಸೆಕೆಂಡುಗಳಲ್ಲಿ ಗೆದ್ದರು.

ಈ ಕಥೆ ಹೇಳುವುದು ಎರಡು ಮಾತು. ಮೊದಲನೆಯದು, ಸಲಕರಣೆಯಿಂದ ಲಾಭ ಇದೆ, ಅದು ಕಟ್ಟುಕಥೆಯಲ್ಲ. ಎರಡನೆಯದು, ಆ ಲಾಭ ಸೆಕೆಂಡುಗಳಲ್ಲಿ ಬರುತ್ತದೆ. ಸೆಕೆಂಡುಗಳಿಂದ ಸೋಲು ಗೆಲುವು ತೀರ್ಮಾನವಾಗುವವರಿಗೆ ಮಾತ್ರ ಅದು ಮುಖ್ಯವಾಗುತ್ತದೆ. ಜೊತೆಗೆ, ಗೆಲ್ಲಿಸಿದ್ದು ಸರಳಿನ ಲೋಹವಲ್ಲ, ಅದರಿಂದ ದೊರೆತ ಮೈಯ ಭಂಗಿ.

ಅದೇಕೆಂದರೆ ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ದೊಡ್ಡ ಶತ್ರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಿಂದ 30ಕ್ಕೆ ಏರಬೇಕಾದರೆ ಗಾಳಿಯ ವಿರುದ್ಧ ಸುಮಾರು ಶೇಕಡ 70ರಷ್ಟು ಹೆಚ್ಚು ಶಕ್ತಿ ಬೇಕು. ಆ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಉಂಟಾಗುವುದು ಸವಾರನ ಮೈಯಿಂದ. ಸೈಕಲ್ಲಿನ ಪಾಲು ಉಳಿದ ಕಾಲು ಭಾಗ. ಆ ಕಾಲು ಭಾಗದಲ್ಲೂ ಒಂದಂಶವನ್ನು ತಗ್ಗಿಸಲು ಲಕ್ಷ ರೂಪಾಯಿ ದಾಟುವ ಕಾರ್ಬನ್ ಚಕ್ರಗಳು ಬರುತ್ತವೆ. ಮೊಣಕೈ ಮಡಿಸಿ, ಭುಜ ಇಳಿಸಿ ಬಾಗಿ ಕೂರುವುದಕ್ಕೆ ಖರ್ಚಿಲ್ಲ. ಅಭ್ಯಾಸ ಬೇಕು ಅಷ್ಟೆ.

ತೂಕದ ಲೆಕ್ಕವೂ ಹೀಗೆಯೇ. ಅರವತ್ತು ಕಿಲೋ ತೂಕದ ವಿದ್ಯಾರ್ಥಿ, ಹನ್ನೆರಡು ಕಿಲೋ ತೂಕದ ಸೈಕಲ್ಲು. ಒಟ್ಟು 72 ಕಿಲೋ. ಸಾವಿರಾರು ರೂಪಾಯಿ ಸುರಿದು ಎರಡು ಕಿಲೋ ಇಳಿಸಿದರೆ ಇಳಿದದ್ದು ಶೇಕಡ ಮೂರಕ್ಕೂ ಕಡಿಮೆ. ಕಡಿದಾದ ಏರಿನಲ್ಲಿ ಅದರಿಂದ ಅಷ್ಟೇ ಪ್ರಮಾಣದ ಉಳಿತಾಯ. ಸಮತಟ್ಟಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಈಗ ತರಬೇತಿಯ ಲೆಕ್ಕ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ 20 ಕಿಲೋಮೀಟರ್‌ಗೆ 48 ನಿಮಿಷ ಬೇಕು. ಆರು ತಿಂಗಳು ಬಿಡದೆ ತುಳಿದು ಅವನು 28ರ ವೇಗಕ್ಕೆ ಬಂದರೆ 43 ನಿಮಿಷ ಸಾಕು. ಐದು ನಿಮಿಷ ಉಳಿಯಿತು. ಯಾವ ಅಂಗಡಿಯೂ ಹೊಸಬನಿಗೆ ಒಂದು ಜೊತೆ ಚಕ್ರದಲ್ಲಿ ಐದು ನಿಮಿಷ ಮಾರಲಾರದು.

ನೀರಿನಲ್ಲಿದೆ ಪರೀಕ್ಷೆ

ಹೊಸಬರ ಗಮನವೆಲ್ಲ ಸೈಕಲ್ಲಿನ ಮೇಲಿರುವುದಕ್ಕೆ ಒಂದು ಕಾರಣ, ಅಂಗಡಿಯಲ್ಲಿ ಕೊಳ್ಳಲು ಸಿಗುವುದು ಅದೇ. ಈಜನ್ನು ಯಾರೂ ಡಬ್ಬಿಯಲ್ಲಿ ತುಂಬಿ ಮಾರುವುದಿಲ್ಲ. ಆದರೆ ಸ್ಪರ್ಧೆಯಲ್ಲಿ ಮೊದಲು ಬರುವುದು ನೀರು. ನೂರು ಮೀಟರಿಗೆ ಮೂರು ನಿಮಿಷ ತೆಗೆದುಕೊಳ್ಳುವವನು 750 ಮೀಟರನ್ನು ಇಪ್ಪತ್ತೆರಡೂವರೆ ನಿಮಿಷದಲ್ಲಿ ಮುಗಿಸುತ್ತಾನೆ. ಸರಿಯಾಗಿ ಉಸಿರು ತೆಗೆದುಕೊಳ್ಳುವುದನ್ನು ಕಲಿತು ಎರಡು ನಿಮಿಷಕ್ಕೆ ಬಂದವನು ಹದಿನೈದು ನಿಮಿಷದಲ್ಲಿ. ಏಳೂವರೆ ನಿಮಿಷದ ಅಂತರ! ಅಲ್ಲದೆ ಏದುಸಿರಿನಿಂದ ದಡ ಸೇರಿದವನಿಗೆ ಎಷ್ಟೇ ಹಗುರ ಸೈಕಲ್ಲು ಕೊಟ್ಟರೂ ತುಳಿಯಲು ಕಾಲಿನಲ್ಲಿ ಕಸುವು ಇರುವುದಿಲ್ಲ.

ಇಲ್ಲಿ ಮಾತು ಹಣವನ್ನು ದಾಟಿ ಪ್ರಾಣಕ್ಕೆ ಬರುತ್ತದೆ. ಹಿಂದಿನವರು ಊರಬಾವಿಯಲ್ಲಿ, ಕೆರೆಯಲ್ಲಿ ಹಿರಿಯರ ಕಣ್ಣೆದುರು ಈಜು ಕಲಿತರು. ಇಂದು ಅನೇಕ ತೆರೆದ ಬಾವಿಗಳು ಬತ್ತಿವೆ. ವೃಷಭಾವತಿಯ ಕೊಳಚೆ ಸೇರುವ ಬೈರಮಂಗಲ ಕೆರೆಯಂಥ ನೀರು ಈಜಲು ತಕ್ಕದ್ದಲ್ಲ. ಕಲ್ಲುಕ್ವಾರಿಗಳ ಹೊಂಡಕ್ಕೆ ಇಳಿಜಾರಿನ ದಡವಿಲ್ಲ, ಕಾಲಿಟ್ಟೊಡನೆ ಆಳ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಲ್ಲಿ, ಅದರಾಚೆಯ ಮೇಕೆದಾಟುವಿನಲ್ಲಿ ಸೆಳವಿಗೆ ಸಿಕ್ಕಿ ವಿದ್ಯಾರ್ಥಿಗಳು ಜೀವ ಕಳೆದುಕೊಂಡ ಸುದ್ದಿ ಮತ್ತೆ ಮತ್ತೆ ಬಂದಿದೆ. ಆದ್ದರಿಂದ ಟ್ರಯಥ್ಲಾನ್ ಆಸೆಯುಳ್ಳ ಮಗುವಿಗೆ ತಂದೆತಾಯಿ ಮೊದಲು ಖರ್ಚು ಮಾಡಬೇಕಾದದ್ದು ತರಬೇತುದಾರರೂ ಜೀವರಕ್ಷಕರೂ ಇರುವ ಈಜುಕೊಳದ ಶುಲ್ಕಕ್ಕೆ, ಅಲ್ಲಿಗೆ ಹೋಗಿಬರುವ ಬಸ್ಸಿನ ಛಾರ್ಜಿಗೆ. ಆಟ ಬಿಟ್ಟುಹೋದರೂ ಈ ವಿದ್ಯೆ ಜನ್ಮಕ್ಕೆ ಉಳಿಯುತ್ತದೆ.

ಸೈಕಲ್ಲಿಗೆ ಏನು ಮಾಡಬೇಕು?

ಹಾಗೆಂದು ಸೈಕಲ್ಲಿಗೆ ಚಿಕ್ಕಾಸೂ ಖರ್ಚು ಮಾಡಬಾರದು ಎಂದಲ್ಲ. ಖರ್ಚಿಗೊಂದು ಕ್ರಮ ಬೇಕು.

ಮೊದಲನೆಯದು ಹೆಲ್ಮೆಟ್. ಇದಿಲ್ಲದೆ ಯಾವ ಟ್ರಯಥ್ಲಾನ್‌ನಲ್ಲೂ ಸೈಕಲ್ ಮುಟ್ಟಲು ಬಿಡುವುದಿಲ್ಲ. ನಿಲ್ಲಿಸಿದ ಜಾಗದಿಂದ ಸೈಕಲ್ ತೆಗೆಯುವ ಮೊದಲೇ ಗಲ್ಲದ ಪಟ್ಟಿ ಬಿಗಿದಿರಬೇಕೆಂಬುದು ನಿಯಮ. ಜೊತೆಗೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ. ಬೆಂಗಳೂರು–ಕೊಯಮತ್ತೂರು ಹೆದ್ದಾರಿಯ ಮೇಲಿರುವ ಹಾರೋಹಳ್ಳಿಯಲ್ಲಿ ಕಾರ್ಖಾನೆಗಳ ಲಾರಿ, ಬಸ್ಸುಗಳ ಓಡಾಟ ಹಗಲಿರುಳೂ ಇರುತ್ತದೆ. ನಸುಕಿನಲ್ಲಿ ಒಬ್ಬನೇ ಹೆದ್ದಾರಿಗಿಳಿಯುವುದಕ್ಕಿಂತ ಬೆಳಕು ಹರಿದ ಮೇಲೆ ವಾಹನ ಕಡಿಮೆಯಿರುವ ಹಳ್ಳಿದಾರಿಗಳಲ್ಲಿ, ಜೊತೆಗಾರರೊಂದಿಗೆ ಅಭ್ಯಾಸ ಮಾಡುವುದು ಲೇಸು.

ಎರಡನೆಯದು ಅಳತೆ. ಸೀಟಿನ ಮೇಲೆ ಕುಳಿತು, ಪೆಡಲ್ ಕೆಳತುದಿಯಲ್ಲಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಆಗ ಮೊಣಕಾಲು ತುಸುವೇ ಬಾಗಿರುತ್ತದೆ. ಸೀಟು ತಗ್ಗಾಗಿದ್ದರೆ ಶಕ್ತಿ ವ್ಯರ್ಥ, ಮೊಣಕಾಲಿನ ಮುಂಭಾಗಕ್ಕೆ ನೋವು. ಒಂದು ಪಾನದಿಂದ ಸರಿಪಡಿಸಬಹುದಾದ ಈ ದೋಷ ಇಟ್ಟುಕೊಂಡೇ ಹೊಸ ಸೈಕಲ್ಲಿನ ಕನಸು ಕಾಣುವವರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಮೂರನೆಯದು ಬ್ರೇಕ್ ರಬ್ಬರು, ಕೇಬಲ್, ಟೈರು, ಚೈನು. ಸವೆದ ಟೈರು ಬದಲಿಸಿ, ಗಾಳಿಯನ್ನು ಪ್ರತಿ ಬಾರಿ ನೋಡಿಕೊಂಡು, ಚೈನು ತೊಳೆದು ಎಣ್ಣೆ ಬಿಟ್ಟರೆ ಹಳೆಯ ಸೈಕಲ್ಲೂ ಹಗುರವಾಗಿ ಓಡುತ್ತದೆ. ಟೈರಿಗೆ ಗಾಳಿ ಹೆಚ್ಚಾದಷ್ಟೂ ವೇಗ ಹೆಚ್ಚು ಎಂಬುದೂ ಪೂರ್ತಿ ನಿಜವಲ್ಲ. ಒರಟು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದ ಟೈರು ಎಗರಿ ಎಗರಿ ವೇಗವನ್ನೇ ತಿನ್ನುತ್ತದೆ. ಪಂಕ್ಚರ್ ಹಾಕುವುದನ್ನು ಸವಾರನೇ ಕಲಿತಿರಬೇಕು. ಸ್ಪರ್ಧೆಯಲ್ಲಿ ಟ್ಯೂಬು ಬದಲಿಸಿಕೊಡಲು ಷಾಪಿನವನು ಬರುವುದಿಲ್ಲ.

ರಾಜ್ಯದಲ್ಲಿ 2006–07ರಲ್ಲಿ ಆರಂಭವಾದ ಯೋಜನೆಯಡಿ ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಲಾಯಿತು. ಗೇರಿಲ್ಲದ ಆ ಸೈಕಲ್ಲು ಮನೆಯಲ್ಲಿದ್ದರೆ ಮೊದಲ ಮೂರು ತಿಂಗಳ ಅಭ್ಯಾಸಕ್ಕೆ ಅದೇ ಸಾಕು. ಆಸಕ್ತಿ ಉಳಿದರೆ, ಅಳತೆಗೆ ಸರಿಹೊಂದುವ, ಗೇರಿರುವ ಸಾಧಾರಣ ಸೈಕಲ್ಲು; ಸೆಕೆಂಡ್‌ಹ್ಯಾಂಡ್ ಆದರೂ ಚಿಂತೆಯಿಲ್ಲ, ಫ್ರೇಮಿನಲ್ಲಿ ಬಿರುಕಿಲ್ಲದಿದ್ದರೆ ಸರಿ. ಕಚ್ಚಿಕೊಳ್ಳುವ ಷೂ, ಮೊಣಕೈ ಊರುವ ಸರಳು ಆಮೇಲಿನ ಮಾತು. ಕಾರ್ಬನ್ ಚಕ್ರ, ಕಾರ್ಬನ್ ಫ್ರೇಮು ಎಲ್ಲಕ್ಕಿಂತ ಕೊನೆಯದು.

ದುಬಾರಿ ಸೈಕಲ್ಲು ನಿಜವಾಗಿ ಬೇಕಾಗುವವರೂ ಇದ್ದಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತ ಮನೆಗಳ ಮಕ್ಕಳು ಸಾದಾ ಸೈಕಲ್ಲು ತುಳಿದು ಬಲಿತು ರಾಷ್ಟ್ರಮಟ್ಟದ ಸೈಕ್ಲಿಂಗ್‌ಗೆ ಏರಿದ್ದಾರೆ. ಆ ಮಟ್ಟದಲ್ಲಿ ಎದುರಾಳಿಯ ಸೈಕಲ್ಲೇ ಮೇಲಾದರೆ ಅನ್ಯಾಯವಾಗುತ್ತದೆ; ಅಲ್ಲಿ ಸರ್ಕಾರವೂ ದಾನಿಗಳೂ ಕೈಹಿಡಿಯಬೇಕು. ಅಂಥವರು ಮೊದಲು ಬಲಿತರು, ಸೈಕಲ್ಲಿನ ಕೊರತೆ ಆಮೇಲೆ ಕಾಡಿತು. ಹೊಸಬರ ಮನೆಯಲ್ಲಿ ಈ ಕ್ರಮ ತಿರುಗುಮುರುಗಾಗಬಾರದು.

ಎಲ್ಲರೂ ಪದಕಕ್ಕಾಗಿಯೇ ಓಡುವುದೂ ಇಲ್ಲ. ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದಾಗ ಹಿಡಿದ ಸಮಯ ಹದಿಮೂರು ಗಂಟೆಗೂ ಹೆಚ್ಚು. ನೌಕರಿಯ ನಡುವೆ ಅಭ್ಯಾಸ ಮಾಡಿ ಅಷ್ಟು ದೂರ ಮುಗಿಸಿದ್ದೇ ಸಾಧನೆ ಎಂದು ಜನ ಮೆಚ್ಚಿದರು.

ರೇಷ್ಮೆಯ ಸೀಮೆಯ ತಂದೆತಾಯಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕದೆ ಹೊಸ ಚಂದ್ರಿಕೆ ತಂದಿಟ್ಟರೆ ಗೂಡು ಕಟ್ಟುವುದಿಲ್ಲ. ಆಟಕ್ಕೆ ಸೊಪ್ಪು ಎಂದರೆ ಮುದ್ದೆ, ಕಾಳು, ಹಾಲು, ಮೊಟ್ಟೆ, ರಾತ್ರಿಯ ನಿದ್ದೆ, ವಾರಕ್ಕೆ ಐದು ದಿನದ ಅಭ್ಯಾಸ. ಸೈಕಲ್ಲಿಳಿದ ತಕ್ಷಣ ಓಡಿದರೆ ಕಾಲು ಕಟ್ಟಿಗೆಯಂತಾಗುತ್ತದೆ. ಅದನ್ನು ಪಳಗಿಸಲು ವಾರಕ್ಕೊಮ್ಮೆಯಾದರೂ ಸೈಕಲ್ ತುಳಿದು ಹಾಗೆಯೇ ಒಂದೆರಡು ಕಿಲೋಮೀಟರ್ ಓಡಬೇಕು.

ಮನೆಯಲ್ಲಿ ಬೇಡಿಕೆ ಬಂದಾಗ “ಆಗಲ್ಲ” ಎಂದು ಗದರುವ ಬದಲು ಒಂದು ನೋಟ್‌ಬುಕ್ ಕೊಡುವುದು ಒಳ್ಳೆಯ ಉಪಾಯ. ದಿನದಿನದ ಈಜು, ಸವಾರಿ, ಓಟ ಅದರಲ್ಲಿ ದಾಖಲಾಗಲಿ. ಆರು ತಿಂಗಳು ಪುಟಗಳು ತುಂಬಿದರೆ, ಒಂದು ಸ್ಪ್ರಿಂಟ್ ಸ್ಪರ್ಧೆ ಮುಗಿದಿದ್ದರೆ, ಆಗ ಅಪ್ಪ ಮಗ, ಅಮ್ಮ ಮಗಳು ಒಟ್ಟಿಗೆ ಕುಳಿತು ಸೈಕಲ್ಲಿನ ಮಾತಾಡಬಹುದು. ಅಷ್ಟರಲ್ಲಿ ನಿಜವಾಗಿ ಏನು ಬೇಕು, ಏನು ಬೇಡ ಎಂಬುದು ಸವಾರನ ಮೈಗೇ ಗೊತ್ತಾಗಿರುತ್ತದೆ. ಪುಟಗಳು ಖಾಲಿ ಉಳಿದರೆ ನಷ್ಟವಾದದ್ದು ಒಂದು ನೋಟ್‌ಬುಕ್ಕಿನ ಬೆಲೆ ಮಾತ್ರ.