ಗಾಲಿ ಕಟ್ಟಿದ ಕಾಲುಗಳು

1960ರ ದಶಕದ ಒಂದು ಸಂಜೆ. ಅಮೆರಿಕದ ಪಶ್ಚಿಮ ತೀರದಲ್ಲಿರುವ ಓಕ್ಲೆಂಡ್ ನಗರದ ಒಂದು ಮಧ್ಯಮ ವರ್ಗದ ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಊಟ ಮುಗಿದಿದೆ. ನಡುಮನೆಯ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಮಕ್ಕಳು ಎವೆಯಿಕ್ಕದೆ ಕುಳಿತಿದ್ದಾರೆ. ಆರಾಮ ಕುರ್ಚಿಯಲ್ಲಿರುವ ಅಜ್ಜಿ ಹೆಣಿಗೆಯ ಕಡ್ಡಿಯನ್ನು ಕತ್ತಿಯಂತೆ ಝಳಪಿಸುತ್ತ, "ಆ ತೀರ್ಪುಗಾರನಿಗೆ ಕಣ್ಣು ಕುರುಡೇ?" ಎಂದು ಗದರುತ್ತಿದ್ದಾಳೆ. ಮನೆಯ ಯಜಮಾನ ಮಾತ್ರ ವೃತ್ತಪತ್ರಿಕೆಯ ಮರೆಯಿಂದ, "ಎಲ್ಲವೂ ನಾಟಕ, ಮೊದಲೇ ಹೇಳಿಕೊಟ್ಟ ಹೊಡೆದಾಟ" ಎಂದು ಗೊಣಗುತ್ತಾನೆ. ಆದರೆ ಅರ್ಧ ಗಂಟೆಯಿಂದ ಆ ಪತ್ರಿಕೆಯ ಪುಟ ಮಗುಚಿಲ್ಲ. ಪತ್ರಿಕೆಯ ಅಂಚಿನ ಮೇಲಿನಿಂದ ಎರಡು ಕಣ್ಣುಗಳು ಪರದೆಯನ್ನೇ ನೋಡುತ್ತಿವೆ.

ಹೀಗೆ ಮನೆಮಂದಿಯನ್ನೆಲ್ಲ ಹಿಡಿದು ಕೂರಿಸುತ್ತಿದ್ದ ಆಟದ ಹೆಸರು ರೋಲರ್ ಡರ್ಬಿ. ಅಂದು ನೆಲದ ಮೇಲೆ ಕುಳಿತು ನೋಡಿದ ಮಕ್ಕಳು ಇಂದು ತಾವೇ ಅಜ್ಜ ಅಜ್ಜಿಯರಾಗಿದ್ದಾರೆ. ಆ ಸಂಜೆಗಳ ಮಾತು ಬಂದಾಗ ಅವರ ಮುಖದಲ್ಲಿ ಒಂದು ಬೆಳಕು ಮೂಡುತ್ತದೆ. ಅದರ ಬೆನ್ನಲ್ಲೇ ಒಂದಿಷ್ಟು ಸಂಕೋಚವೂ ಸುಳಿಯುತ್ತದೆ. ಸುಳ್ಳೆಂದು ಗೊತ್ತಿದ್ದ ಆಟವನ್ನು ಅಷ್ಟೊಂದು ಪ್ರೀತಿಸಿದ್ದೆವಲ್ಲ ಎಂಬ ಸಂಕೋಚ ಅದು. ಆ ಸಂಕೋಚಕ್ಕೆ ಕಾರಣವುಂಟೇ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಆಟ ಹುಟ್ಟಿದ್ದು ಕಷ್ಟದ ಕಾಲದಲ್ಲಿ. ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕ ತತ್ತರಿಸುತ್ತಿದ್ದ 1935ರ ಆಗಸ್ಟ್ ತಿಂಗಳಲ್ಲಿ, ಲಿಯೋ ಸೆಲ್ಟ್ಸರ್ ಎಂಬ ಉದ್ಯಮಿ ಚಿಕಾಗೋ ನಗರದ ಕಲಿಸಿಯಂ ಸಭಾಂಗಣದಲ್ಲಿ ಒಂದು ವಿಚಿತ್ರ ಪಂದ್ಯವನ್ನು ಏರ್ಪಡಿಸಿದನು. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿ ಒಂದು ಜೋಡಿ. ಇಂಥ 25 ಜೋಡಿಗಳು ಕಾಲಿಗೆ ಗಾಲಿ ಕಟ್ಟಿಕೊಂಡು, ಇಡೀ ದೇಶವನ್ನು ಅಡ್ಡಲಾಗಿ ದಾಟಿದಷ್ಟು ದೂರವನ್ನು ಅದೇ ಅಂಗಳದಲ್ಲಿ ಸುತ್ತಿ ಸುತ್ತಿ ಕ್ರಮಿಸಬೇಕು. ಮೊದಲ ದಿನವೇ ಸುಮಾರು 20,000 ಜನ ನೆರೆದರು. ಕೆಲವು ವರ್ಷಗಳ ಮೇಲೆ ಹೆಸರಾಂತ ಪತ್ರಕರ್ತ ಡೇಮನ್ ರನ್ಯನ್ ಈ ಪಂದ್ಯವನ್ನು ಮಯಾಮಿ ನಗರದಲ್ಲಿ ಕಂಡನು. ಓಟಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಾಗ ಪ್ರೇಕ್ಷಕರು ಎದ್ದು ನಿಲ್ಲುವುದನ್ನು ಗಮನಿಸಿ, ಆ ಡಿಕ್ಕಿಯನ್ನೇ ಆಟದ ತಿರುಳಾಗಿ ಮಾಡುವಂತೆ ಸೆಲ್ಟ್ಸರನಿಗೆ ಸಲಹೆ ಕೊಟ್ಟನು. ಅಲ್ಲಿಂದ ಮುಂದೆ ಓಟವು ಕಾಳಗವಾಯಿತು.

ಕಾಳಗದ ಕ್ರಮ ಸರಳ. ಅಂಚುಗಳಲ್ಲಿ ಬಾಣಲೆಯಂತೆ ಮೇಲೆದ್ದ ಮೊಟ್ಟೆಯಾಕಾರದ ಮರದ ಹಾದಿ. ಎರಡು ತಂಡಗಳಿಂದ ಐದೈದು ಮಂದಿ. ಗುಂಪಿನಿಂದ ಬಿಡಿಸಿಕೊಂಡು ಮುಂದೋಡಿದವನು ಇಡೀ ಸುತ್ತು ಬಳಸಿಬಂದು, ಹಿಂದಿನಿಂದ ಎದುರಾಳಿಗಳನ್ನು ದಾಟಬೇಕು. ದಾಟಿದ ಒಬ್ಬೊಬ್ಬ ಎದುರಾಳಿಗೆ ಒಂದೊಂದು ಅಂಕ. ಇದಕ್ಕೆ ಒದಗುವ ಅವಧಿ 60 ಸೆಕೆಂಡು. ಅಂಕ ಗಳಿಸಿದವನು ಎರಡೂ ಕೈಗಳನ್ನು ಸೊಂಟಕ್ಕೆ ಬಡಿದುಕೊಂಡರೆ ಓಟ ನಿಲ್ಲುತ್ತದೆ. ಪಂದ್ಯಕ್ಕೆ ಎಂಟು ಪಾಳಿಗಳು, ಪಾಳಿಗೆ 12 ನಿಮಿಷ. ಒಂದು ಪಾಳಿಯನ್ನು ಹೆಂಗಸರು ಆಡಿದರೆ ಮುಂದಿನದನ್ನು ಗಂಡಸರು ಆಡುವರು. ಇಬ್ಬರ ಗಳಿಕೆಯೂ ಸೇರಿ ತಂಡದ ಮೊತ್ತ. ಹೆಂಗಸರಿಗೆ ಬೇರೆ ನಿಯಮವಿಲ್ಲ, ಮೆತ್ತನೆಯ ಹಾದಿಯಿಲ್ಲ, ರಿಯಾಯಿತಿಯಿಲ್ಲ. ಆ ಕಾಲದ ಕ್ರೀಡಾರಂಗದಲ್ಲಿ ಇದು ಅಪರೂಪದ ಸಂಗತಿಯೆಂಬುದನ್ನು ಮರೆಯಲಾಗದು.

1948ರಲ್ಲಿ ನ್ಯೂಯಾರ್ಕಿನ ಪಂದ್ಯಗಳು ಟೆಲಿವಿಷನ್ನಿನಲ್ಲಿ ಬಿತ್ತರಗೊಂಡವು. ಚಿಕ್ಕ ಪರದೆಗೆ ಹೇಳಿಮಾಡಿಸಿದ ಆಟ. ಜನ ಹುಚ್ಚೆದ್ದು ನೋಡಿದರು. ಆದರೆ ಅತಿಯಾದರೆ ಅಮೃತವೂ ವಿಷ. ವಾರಕ್ಕೆ ಹಲವು ಸಲ ಮನೆಬಾಗಿಲಿಗೇ ಬರುವ ಆಟವನ್ನು ಕಾಸು ತೆತ್ತು ನೋಡುವವರು ಯಾರು? ನಾಲ್ಕೈದು ವರ್ಷಗಳಲ್ಲಿ ಉತ್ಸಾಹ ಇಳಿಯಿತು; ಸೆಲ್ಟ್ಸರ್ ತನ್ನ ಆಟವನ್ನು ಪಶ್ಚಿಮ ತೀರಕ್ಕೆ ಸಾಗಿಸಬೇಕಾಯಿತು. ಆಗ ಆಟಕ್ಕೆ ಮರುಹುಟ್ಟು ಕೊಟ್ಟವನು ಅವನ ಮಗ ಜೆರ್ರಿ ಸೆಲ್ಟ್ಸರ್. ಸ್ಯಾನ್ ಫ್ರಾನ್ಸಿಸ್ಕೋ ಬೇ ಬಾಂಬರ್ಸ್ ಎಂಬ ತಂಡದ ಪಂದ್ಯಗಳನ್ನು ಅವನು ವಿಡಿಯೋ ಟೇಪಿನಲ್ಲಿ ಮುದ್ರಿಸಿ ದೇಶದ ನೂರಕ್ಕೂ ಮಿಕ್ಕ ಕೇಂದ್ರಗಳಿಗೆ ಕಳುಹಿಸಿದನು. ಪರದೆಯ ಮೇಲೆ ಕಂಡವರನ್ನು ಕಣ್ಣಾರೆ ಕಾಣಲು ಊರೂರಿನಲ್ಲಿಯೂ ಜನ ಮುಗಿಬಿದ್ದರು. 1972ರಲ್ಲಿ ಚಿಕಾಗೋ ನಗರದ ಒಂದೇ ಪಂದ್ಯಕ್ಕೆ ನೆರೆದವರ ಸಂಖ್ಯೆ 50,118. ಅಷ್ಟರಲ್ಲಿ ಲಾಸ್ ಏಂಜಲೀಸಿನಲ್ಲಿ ಥಂಡರ್‌ಬರ್ಡ್ಸ್ ತಂಡವನ್ನು ಮುಂದಿಟ್ಟುಕೊಂಡು, ಇನ್ನೂ ಹೆಚ್ಚು ಆರ್ಭಟದ ಪ್ರತಿಸ್ಪರ್ಧಿ ಸಂಸ್ಥೆಯೂ ತಲೆಯೆತ್ತಿತ್ತು.

ನಾಟಕವೆಂದ ಮೇಲೆ ನಾಯಕಿ ಬೇಕು, ಖಳನಾಯಕಿಯೂ ಬೇಕು. ನಾಯಕಿ ಜೋನ್ ವೆಸ್ಟನ್. ಆಟ ಹುಟ್ಟಿದ 1935ರಲ್ಲಿಯೇ ಹುಟ್ಟಿದವಳು. ಎತ್ತರದ ನಿಲುವು, ಹೊಂಬಣ್ಣದ ಕೂದಲು. ಅವಳು ಬಾಗಿ ಮುನ್ನುಗ್ಗಿದರೆ ಸಭಾಂಗಣವೇ ಎದ್ದು ನಿಲ್ಲುತ್ತಿತ್ತು. ಖಳನಾಯಕಿ ಆ್ಯನ್ ಕಾಲ್ವೆಲ್ಲೊ. ಇಂದು ನೇರಿಳೆ, ನಾಳೆ ಹಸಿರು ಎಂದು ಕೂದಲಿಗೆ ಬಣ್ಣ ಬಳಿದು, ಪ್ರೇಕ್ಷಕರನ್ನು ಕೆಣಕಿ, ಅವರ ಶಾಪವನ್ನು ಹೂಮಾಲೆಯಂತೆ ಧರಿಸಿದವಳು ಅವಳು. ಇವರಿಬ್ಬರ ಜಗಳದಲ್ಲಿ ಎಷ್ಟು ನಿಜ, ಎಷ್ಟು ವೇಷ ಎಂದು ಅಳೆಯುವುದೇ ಪ್ರೇಕ್ಷಕರಿಗೆ ಅರ್ಧ ಸಂತೋಷ. ಕ್ರೀಡಾ ಬರಹಗಾರರಲ್ಲಿ ಹಲವರು ಇದನ್ನು ಕ್ರೀಡೆಯೆಂದು ಲೆಕ್ಕಕ್ಕೇ ಹಿಡಿಯಲಿಲ್ಲ.

ಆದರೆ ಹಾದಿಯ ಗಟ್ಟಿಮರಕ್ಕೆ ನಾಟಕ ತಿಳಿಯದು. ಅಲ್ಲಿ ಬಿದ್ದವರ ಮೂಳೆ ಮುರಿದದ್ದು ಮೂಳೆಯಾಗಿಯೇ. ಕಾಲ್ವೆಲ್ಲೊಳ ಮೂಗು ಮುರಿದದ್ದು ಒಂದೆರಡು ಬಾರಿಯಲ್ಲ. 1937ರ ಮಾರ್ಚ್ 24ರಂದು ಇಲಿನಾಯ್ ಪ್ರಾಂತ್ಯದ ಸೇಲಂ ಊರಿನ ಬಳಿ ಆಟಗಾರರ ಬಸ್ಸು ಅಪಘಾತಕ್ಕೀಡಾದಾಗ ಸುಮಾರು 20 ಮಂದಿ ಮಡಿದರು. ಅವರ ಸ್ಮರಣೆಗಾಗಿ, ಮುಂದೆ ಯಾವ ತಂಡದ ಆಟಗಾರರೂ ಒಂದನೆಯ ಸಂಖ್ಯೆಯ ಅಂಗಿಯನ್ನು ತೊಡಬಾರದೆಂದು ನಿರ್ಧರಿಸಲಾಯಿತು. ಹುಸಿ ಆಟವೆಂದು ಲೋಕವು ನಕ್ಕ ಕಡೆ, ಆಡುವವರು ತಮ್ಮ ಸತ್ತವರಿಗೆ ಸಲ್ಲಿಸಿದ ಗೌರವ ಹುಸಿಯಾಗಿರಲಿಲ್ಲ.

ಏರುತ್ತಿದ್ದ ವೆಚ್ಚವನ್ನು ತಾಳಲಾರದೆ ಜೆರ್ರಿ ಸೆಲ್ಟ್ಸರ್ 1973ರ ಕೊನೆಯಲ್ಲಿ ಬಾಗಿಲು ಮುಚ್ಚಿದನು. ಅಲ್ಲಿಂದ 16 ವರ್ಷಗಳ ಮೇಲೆ, 1989ರಲ್ಲಿ, ಲಾಸ್ ಏಂಜಲೀಸಿನ ಸಂಪ್ರದಾಯವನ್ನು ಹಿಡಿದು 'ರೋಲರ್‌ಗೇಮ್ಸ್' ಎಂಬ ಹೊಸ ಪ್ರದರ್ಶನ ಟೆಲಿವಿಷನ್ನಿಗೆ ಬಂದಿತು. ಈ ಬಾರಿ ಏನು ಬೇಕೋ ಎಲ್ಲವೂ ಇತ್ತು. ಹಾದಿ ಇಂಗ್ಲಿಷಿನ ಎಂಟರ ಆಕಾರದ್ದು. ಒಂದು ಕಡೆ ಗೋಡೆಯಂತೆ ನಿಂತ ಏರು, ಅದಕ್ಕೆ 'ಸಾವಿನ ಗೋಡೆ' ಎಂಬ ಹೆಸರು. ನಡುನಡುವೆ ರಾಕ್ ಸಂಗೀತ. ಪಂದ್ಯ ಸಮವಾದರೆ ತೀರ್ಮಾನಕ್ಕೆ ಮೊಸಳೆಗಳ ಹೊಂಡ! ಎದುರಾಳಿಯನ್ನು ಅದರೊಳಕ್ಕೆ ಕೆಡವಿದವನು ಗೆದ್ದಂತೆ. ಎಳೆಯರು ಬೆರಗಿನಿಂದ ನೋಡಿದರು. ಅವರಲ್ಲಿ ಅನೇಕರು ಇಂದಿಗೂ ಆ ಮೊಸಳೆಗಳನ್ನು ನೆನೆದು ನಗುತ್ತಾರೆ. ಆದರೂ 13 ಕಂತುಗಳಿಗೆ ಪ್ರದರ್ಶನ ನಿಂತಿತು.

ಎಲ್ಲವೂ ಇದ್ದ ಆ ಪ್ರದರ್ಶನದಲ್ಲಿ ಇಲ್ಲದಿದ್ದುದು ಒಂದೇ: ಅನುಮಾನ. ಓಕ್ಲೆಂಡಿನ ಯಜಮಾನನು "ನಾಟಕ" ಎಂದು ಗೊಣಗುತ್ತಲೇ ಪತ್ರಿಕೆಯ ಮರೆಯಿಂದ ಇಣುಕಿದ್ದು, ಅದು ನಾಟಕವಲ್ಲದೆಯೂ ಇರಬಹುದೆಂಬ ಆಸೆಯಿಂದ. ಮೊಸಳೆ ಬಂದ ಮೇಲೆ ಆ ಆಸೆಗೆ ಎಡೆಯಿಲ್ಲ. ಅಜ್ಜಿಗೆ ಗದರಲು ಕಾರಣವಿಲ್ಲ. ನಂಬಿಕೆ ಮತ್ತು ಶಂಕೆ ಒಂದೇ ಸೋಫಾದ ಮೇಲೆ ಪಕ್ಕಪಕ್ಕದಲ್ಲಿ ಕುಳಿತಾಗ ಮಾತ್ರ ಇಂಥ ಆಟಕ್ಕೆ ಜೀವ. ಹಳೆಯ ಪ್ರೇಕ್ಷಕರು ಹಂಬಲಿಸುವುದು ಬಹುಶಃ ಆ ಜಗಳಗಂಟ ಸೋಫಾವನ್ನೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಬರಿಯ ಹಳಹಳಿಕೆಯಾಗುತ್ತಿತ್ತು. ಜೋನ್ ವೆಸ್ಟನ್ 1997ರಲ್ಲಿ, 62ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಎಪ್ಪತ್ತು ದಾಟಿದ ಮೇಲೂ ಗಾಲಿ ಕಟ್ಟಿ ಹಾದಿಗಿಳಿದ ಕಾಲ್ವೆಲ್ಲೊ 2006ರಲ್ಲಿ ಕಣ್ಮುಚ್ಚಿದಳು. ಈ ನಡುವೆ, 2001ರಲ್ಲಿ, ಟೆಕ್ಸಸ್ ಪ್ರಾಂತ್ಯದ ಆಸ್ಟಿನ್ ನಗರದಲ್ಲಿ ಕೆಲವು ಹೆಂಗಸರು ತಾವೇ ತಂಡ ಕಟ್ಟಿ ಈ ಆಟವನ್ನು ಮತ್ತೆ ಎತ್ತಿಕೊಂಡರು. ಕೆಲವು ವರ್ಷಗಳಲ್ಲಿ ಅದು ದೇಶ ದೇಶಗಳಿಗೆ ಹಬ್ಬಿತು. 2011ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಮಹಿಳೆಯರ ವಿಶ್ವಕಪ್ ಕೂಡ ನಡೆಯಿತು. ಈಗಿನದು ಹೆಚ್ಚಾಗಿ ಸಮತಟ್ಟಾದ ನೆಲದ ಮೇಲಿನ ಆಟ. ಒಡೆತನ ಬಹುಪಾಲು ಆಟಗಾರ್ತಿಯರದೇ. ಸೋಲು ಗೆಲುವನ್ನು ಮೊದಲೇ ಯಾರೂ ಬರೆದಿಡುವುದಿಲ್ಲ. ಆದರೂ ಹಲವರು ಮುಖಕ್ಕೆ ಬಣ್ಣ ಬಳಿದು, ಭಯಂಕರವಾದ ಅಡ್ಡಹೆಸರು ಇಟ್ಟುಕೊಂಡೇ ಕಣಕ್ಕಿಳಿಯುತ್ತಾರೆ.

ತಾಯಂದಿರ ಕಾಲದ ವೇಷವನ್ನು ಹೆಣ್ಣುಮಕ್ಕಳು ಉಳಿಸಿಕೊಂಡರು. ಸುಳ್ಳನ್ನು ಮಾತ್ರ ಕಳಚಿಟ್ಟರು. ಬಾಲ್ಯದಲ್ಲಿ ಹುಸಿಯಾಟಕ್ಕೆ ಮನಸೋತೆವಲ್ಲ ಎಂದು ಸಂಕೋಚಪಡುವ ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಬೇಕಿಲ್ಲ. ಹೊಡೆತಗಳಲ್ಲಿ ಕೆಲವು ಹುಸಿಯಾಗಿದ್ದಿರಬಹುದು. ಗಂಡಸಿಗೆ ಸಮನಾಗಿ, ಅದೇ ಹಾದಿಯಲ್ಲಿ ಹೆಣ್ಣೊಬ್ಬಳು ಬಿದ್ದು, ಎದ್ದು, ಮತ್ತೆ ಓಡಿದ್ದು ಹುಸಿಯಲ್ಲ. ಮಕ್ಕಳು ನೆಲದ ಮೇಲೆ ಕುಳಿತು ನೋಡಿದ್ದು ಅದನ್ನೇ.