ಚಟ ಬಿಡಲು ಹಟವೊಂದೇ ಸಾಲದು

“ಹುಟ್ಟುಗುಣ ಸುಟ್ಟರೂ ಹೋಗದು ಡಾಕ್ಟ್ರೇ, ಈ ವಯಸ್ಸಿನಲ್ಲಿ ಬೀಡಿ ಬಿಡಿ ಅಂದರೆ ಹೇಗೆ?” ಕೆಮ್ಮು, ಉಬ್ಬಸವೆಂದು ಬರುವವರು ಆಗಾಗ ಹೇಳುವ ಮಾತಿದು. ಗಾದೆ ಸರಿಯಾದದ್ದೇ, ಅದನ್ನು ಬಳಸಿದ ಜಾಗ ಮಾತ್ರ ತಪ್ಪು. ತುಟಿಯಲ್ಲಿ ಬೀಡಿ, ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡು ಯಾರೂ ಹುಟ್ಟುವುದಿಲ್ಲ. ಚಟವೆನ್ನುವುದು ಹುಟ್ಟುಗುಣವಲ್ಲ, ನಡುವೆ ಕಲಿತದ್ದು. ಕಲಿತದ್ದನ್ನು ಬಿಡಲು ಸಾಧ್ಯ.

ಇದಕ್ಕೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ಕ್ಯಾಸಂಬಳ್ಳಿ, ಬಂಗಾರಪೇಟೆ, ಕೆ.ಜಿ.ಎಫ್. ಕಡೆ ನವೆಂಬರ್ ತಿಂಗಳ ನಡುವಿನಿಂದ ಅಯ್ಯಪ್ಪ ಮಾಲೆ ಹಾಕುವವರನ್ನು ನೀವೆಲ್ಲರೂ ನೋಡಿದ್ದೀರಿ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವರು, ಸಂಜೆಯಾದರೆ ಮದ್ಯದಂಗಡಿ ಮುಂದೆ ನಿಲ್ಲುತ್ತಿದ್ದವರು, 41 ದಿನ ಆ ಕಡೆ ತಿರುಗಿಯೂ ನೋಡುವುದಿಲ್ಲ. ರಂಜಾನ್ ತಿಂಗಳಲ್ಲಿ ನಸುಕಿನಿಂದ ಸೂರ್ಯಾಸ್ತದವರೆಗೆ ಸಿಗರೇಟು ಮುಟ್ಟದವರಿದ್ದಾರೆ. ಈಸ್ಟರ್‌ಗೆ ಮೊದಲಿನ 40 ದಿನ ಕುಡಿತ ಬಿಡುವವರಿದ್ದಾರೆ. “ಒಂದು ದಿನವೂ ಬಿಡಲಾರೆ” ಎನ್ನುವ ಮನುಷ್ಯನೇ ಇಷ್ಟು ದಿನ ಬಿಟ್ಟಿರುತ್ತಾನೆ. ಅಂದರೆ ಅವನಲ್ಲಿ ಶಕ್ತಿಯಿಲ್ಲ ಎನ್ನುವುದು ಸುಳ್ಳು. ಹಾಗಿದ್ದರೆ ಮಾಲೆ ತೆಗೆದ ಮರುದಿನವೇ ಬೀಡಿ ಮತ್ತೆ ಕೈಗೆ ಬರುವುದೇಕೆ? ಚಟ ಬಿಡಬೇಕೆನ್ನುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ದೇಹ ಕೇಳುವುದು ಕೆಲವೇ ವಾರ

ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ, ಹಿತವೆನಿಸುವ ರಾಸಾಯನಿಕವನ್ನು ಹೊರಡಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಮಿದುಳು ಮತ್ತೆ ಬೇಕೆನ್ನುತ್ತದೆ. ಬಿಟ್ಟ ಮೊದಲ ಮೂರು ದಿನ ಸಿಡುಕು, ಚಡಪಡಿಕೆ, ನಿದ್ದೆಗೇಡು ಹೆಚ್ಚು. ಕೆಲವರಿಗೆ ಮಲಬದ್ಧತೆ, ಅತಿ ಹಸಿವು ಕಾಣಿಸುತ್ತವೆ. ಮೂರು ನಾಲ್ಕು ವಾರಗಳಲ್ಲಿ ಇವು ಬಹುಮಟ್ಟಿಗೆ ಇಳಿಯುತ್ತವೆ. ಆದ್ದರಿಂದ 41 ದಿನ ಕಳೆದವನ ದೇಹ ಬೀಡಿಯ ಸಾಲವನ್ನು ಹೆಚ್ಚುಕಡಿಮೆ ತೀರಿಸಿರುತ್ತದೆ. 42ನೆಯ ದಿನ ಅವನನ್ನು ಕರೆಯುವುದು ದೇಹಕ್ಕಿಂತ ಹೆಚ್ಚಾಗಿ ಹಳೆಯ ಜಾಗ, ಹಳೆಯ ಹೊತ್ತು, ಹಳೆಯ ಜೊತೆ.

ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು, ಟೀ ಕುಡಿದ ಮೇಲೆ ಒಂದು, ರೈಲಿಗೆ ಕಾಯುವಾಗ ಒಂದು, ಊಟವಾದ ಮೇಲೆ ಒಂದು. ಚಟ ಕೂತಿರುವುದು ಇಂಥ ಜಾಗಗಳಲ್ಲಿ. ಮಾಲೆ ಹಾಕಿದವನಿಗೆ ಇವೆಲ್ಲ ಒಮ್ಮೆಲೇ ಬದಲಾಗುತ್ತವೆ. ನಸುಕಿನಲ್ಲಿ ತಣ್ಣೀರಿನ ಸ್ನಾನ, ಬೇರೆ ಬಟ್ಟೆ, ಬೇರೆ ಊಟ, ಸಂಜೆ ಭಜನೆ. ಊರೆಲ್ಲ ‘ಸ್ವಾಮಿ’ ಎಂದು ಕರೆಯುತ್ತದೆ. ಯಾರೂ ಬೀಡಿ ನೀಡುವುದಿಲ್ಲ. ಮುಂದೆ ಒಂದು ಗುರಿಯಿದೆ, ಎಣಿಸಲು ದಿನಗಳಿವೆ. ಮಾಲೆ ತೆಗೆದ ದಿನ ಈ ಏರ್ಪಾಡೆಲ್ಲ ಒಟ್ಟಿಗೆ ಕಳಚುತ್ತದೆ. ಹಳೆಯ ಗೆಳೆಯ “ಮುಗೀತಾ ಸ್ವಾಮಿ? ತಗೊಳ್ಳಿ ಒಂದು” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ನನ್ನ ಅಭಿಪ್ರಾಯವಿಷ್ಟೆ: ಸ್ವಯಂ ಶಿಸ್ತೆಂದರೆ ಹಲ್ಲು ಕಚ್ಚಿ ಸಹಿಸುವುದಲ್ಲ. ದಿನಚರಿಯನ್ನು ಚಟಕ್ಕೆ ಜಾಗವಿಲ್ಲದಂತೆ ಕಟ್ಟಿಕೊಳ್ಳುವುದು. ವ್ರತದ ಆ ಏರ್ಪಾಡನ್ನು ವ್ರತ ಮುಗಿದ ಮೇಲೂ ಉಳಿಸಿಕೊಳ್ಳುವುದೇ ನಿಜವಾದ ಕೆಲಸ.

ನಮ್ಮ ಕಡೆಗೆ ಇದು ಹೆಚ್ಚು ಅನ್ವಯ

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಬೆಣಚುಕಲ್ಲನ್ನು ಕೊರೆಯುವಾಗ ಎದ್ದ ಸಿಲಿಕಾ ದೂಳು ಮಾತ್ರ ಹಳೆಯ ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿದಿದೆ. ಇದರಿಂದ ಬರುವ ಸಿಲಿಕೋಸಿಸ್‌ಗೆ ಪೂರ್ಣ ಗುಣಪಡಿಸುವ ಔಷಧಿಯಿಲ್ಲ. ಅದಿರುವವರಿಗೆ ಕ್ಷಯ ಬೇಗ ಅಂಟುತ್ತದೆ. ಅಂಥ ಶ್ವಾಸಕೋಶಕ್ಕೆ ಬೀಡಿಯ ಹೊಗೆಯನ್ನೂ ತುಂಬುವುದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ದೂಳನ್ನು ಹೊರತೆಗೆಯಲು ನಮ್ಮಿಂದಾಗದು, ಹೊಗೆಯನ್ನು ನಿಲ್ಲಿಸಲು ಆಗುತ್ತದೆ.

ಅವರ ಮಕ್ಕಳು, ಮೊಮ್ಮಕ್ಕಳು ಇಂದು ನಸುಕಿಗೇ ಎದ್ದು ಬೆಂಗಳೂರಿನ ಕೆಲಸಕ್ಕೆ ರೈಲು ಹತ್ತುತ್ತಾರೆ. ಹಲವರ ಜೇಬಿನಲ್ಲಿ ಪಾನ್ ಮಸಾಲದ ಪೊಟ್ಟಣ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಬೆರೆಸಿದರೆ ಅದೇ ಗುಟ್ಕಾ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ತಂಬಾಕಿಲ್ಲದ ಅಡಿಕೆಯ ಪೊಟ್ಟಣವೂ ನಿರಪಾಯಕಾರಿಯಲ್ಲ. ಅದರಿಂದ ಬಾಯೊಳಗಿನ ಚರ್ಮ ಬಿಗಿಯುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು. ನಿಮ್ಮ ಮೂರು ಬೆರಳನ್ನು ಒಂದರ ಕೆಳಗೊಂದು ಜೋಡಿಸಿ ಬಾಯೊಳಗೆ ಇಟ್ಟು ನೋಡಿ. ಹೋಗದಿದ್ದರೆ, ಇಲ್ಲವೇ ಬಾಯಲ್ಲಿ ಬಿಳಿ, ಕೆಂಪು ಮಚ್ಚೆಯೋ ಎರಡು ವಾರಕ್ಕೂ ಮಾಯದ ಹುಣ್ಣೋ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಏನು ಮಾಡಬೇಕು?

1. ಮೂರು ದಿನ ಬರೆದಿಡಿ. ಯಾವ ಹೊತ್ತು, ಯಾವ ಜಾಗ, ಯಾರ ಜೊತೆ. ನಿಮ್ಮ ಚಟದ ನಕ್ಷೆ ನಿಮಗೇ ಸಿಗುತ್ತದೆ.

2. ಎರಡು ವಾರದೊಳಗೆ ಒಂದು ದಿನ ಗೊತ್ತುಮಾಡಿ, ಮನೆಯವರಿಗೆ ತಿಳಿಸಿ. ಹಿಂದಿನ ರಾತ್ರಿಯೇ ಬೀಡಿ, ಬೆಂಕಿಪೆಟ್ಟಿಗೆ, ಪೊಟ್ಟಣ ಮನೆಯಿಂದ ಹೊರಹೋಗಲಿ.

3. ಒಂದು ಸಲದ ತುಡಿತ ಸಾಮಾನ್ಯವಾಗಿ ಐದು ಹತ್ತು ನಿಮಿಷ ಮಾತ್ರ. ಅಷ್ಟು ಹೊತ್ತನ್ನು ಮುಂದೂಡಿ. ಒಂದು ಲೋಟ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ, ಜೀರಿಗೆ ಅಗಿಯಿರಿ. ಗಮನವೆಲ್ಲ ಆ ಹತ್ತು ನಿಮಿಷದ ಮೇಲಿರಲಿ. ಇಡೀ ಬಾಳಿನ ಲೆಕ್ಕ ಈಗ ಬೇಡ.

4. ಎರಡು ಮೂರು ತಿಂಗಳಾದರೂ ಟೀ ಕುಡಿಯುವ ಅಂಗಡಿಯನ್ನು, ಸಂಜೆ ಕೂರುವ ಕಟ್ಟೆಯನ್ನು ಬದಲಿಸಿ. ಗೆಳೆಯರನ್ನು ಬಿಡಬೇಕಾಗಿಲ್ಲ, ಅವರು ಸೇದುವ ಹೊತ್ತನ್ನು ಬಿಟ್ಟರೆ ಸಾಕು.

5. ಕೈತಪ್ಪಿ ಒಂದು ಸೇದಿದರೆ ಅದನ್ನು ಒಂದಕ್ಕೇ ನಿಲ್ಲಿಸಿ. “ಹೇಗೂ ವ್ರತ ಕೆಟ್ಟಿತು” ಎಂದು ಇಡೀ ಕಟ್ಟು ಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರು ಹೊಸ ಒಳ್ಳೆಯ ಅಭ್ಯಾಸ ಕಲಿಯುವುದನ್ನು ಗಮನಿಸಿ 2009ರಲ್ಲಿ ವರದಿ ಮಾಡಿದ್ದಾರೆ. ಅಭ್ಯಾಸ ರಕ್ತಗತವಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದ್ದರಿಂದ ಕೆಲಸವೇನೂ ಕೆಡಲಿಲ್ಲ.

6. ಒಬ್ಬರಿಂದಲೇ ಆಗದಿದ್ದರೆ ಸಹಾಯ ಪಡೆಯಿರಿ. ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆಗಳಿವೆ. ವೈದ್ಯರನ್ನು ಕೇಳಿ ಬಳಸಿ. ತಂಬಾಕು ಬಿಡುವವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ. ಕುಡಿತ, ಮನಸ್ಸಿನ ತೊಂದರೆಗಳಿಗೆ 14416ಕ್ಕೆ ಕರೆ ಮಾಡಬಹುದು.

ಕುಡಿಯುವವರಿಗೆ ಎಚ್ಚರಿಕೆ

ತಂಬಾಕನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯವಿಲ್ಲ. ಮದ್ಯದ ಮಾತು ಬೇರೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಮಾಲೆಗೆಂದೋ ಹಟಕ್ಕೆಂದೋ ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೆ ಕುತ್ತಾಗಬಹುದು. ಇಂಥವರು ಬಿಡುವ ಮೊದಲೇ ವೈದ್ಯರನ್ನು ಕಾಣಲೇಬೇಕು. ಕೆಲವು ದಿನದ ಔಷಧಿಯಿಂದ ಇದನ್ನು ತಡೆಯಬಹುದು.

ಮನೆಯವರಿಗೊಂದು ಮಾತು

“ಮನಸ್ಸು ಮಾಡಿದರೆ ಬಿಡಬಹುದು, ನಿಮಗೆ ಮನಸ್ಸಿಲ್ಲ” ಎಂದು ಬೈದು ಚಟ ಬಿಡಿಸಿದವರು ವಿರಳ. ಬೈಗುಳ ಕೇಳಿದವನು ನೇರವಾಗಿ ಹೋಗುವುದು ಅಂಗಡಿಗೆ. ಅದರ ಬದಲು “ಇವತ್ತಿಗೆ ಎಷ್ಟು ದಿನವಾಯಿತು?” ಎಂದು ಕೇಳಿ. ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿಸಿ. ಮೊದಲ ವಾರದ ಸಿಡುಕನ್ನು ಸಹಿಸಿಕೊಳ್ಳಿ. ಎರಡು ಮೂರು ಸಲ ಸೋತು ಆಮೇಲೆ ಗೆದ್ದವರೇ ಹೆಚ್ಚು. ಆದ್ದರಿಂದ ಹಿಂದಿನ ಸೋಲನ್ನು ಎತ್ತಿ ಆಡಬೇಡಿ. ಸಿಗರೇಟು ಬಿಟ್ಟು ಒಂದು ವರ್ಷವಾದರೆ ಹೃದ್ರೋಗದ ಅಪಾಯ ಸೇದುವವರದಕ್ಕಿಂತ ಸುಮಾರು ಅರ್ಧಕ್ಕಿಳಿಯುತ್ತದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ.

ಮುಂದಿನ ಸಲ ಮಾಲೆ ಹಾಕುವವರು, ಉಪವಾಸ ಹಿಡಿಯುವವರು ಮೊದಲ ದಿನವೇ ಇನ್ನೊಂದನ್ನೂ ಗೊತ್ತುಮಾಡಿಕೊಳ್ಳಿ: ವ್ರತ ಮುಗಿದ ಮರುದಿನ ಬೆಳಿಗ್ಗೆ ಟೀ ಎಲ್ಲಿ, ಯಾರ ಜೊತೆ ಕುಡಿಯಬೇಕು ಎನ್ನುವುದನ್ನು.